ಅಪ್ಪ ಮೂರು ವಾರ ಆಸ್ಪತ್ರೆಯಲ್ಲಿದ್ದ

ರೊಸ್ಕಾಫ್
ಮಂಗಳವಾರ, ಮಾರ್ಚ್ 14, 1989
ಮಧ್ಯಾಹ್ನ, ಈರುಳ್ಳಿ ಗೋದಾಮಿನಿಂದ

ಪ್ರೀತಿಯ ತಂಗಿ ಕತೆಲ್,

ಚೆನ್ನಾಗಿದ್ದೀಯಾ? ಚಳಿಗಾಲ ಬಂದರೆ ನಿನ್ನನ್ನು ಹಿಡಿದುಕೊಳ್ಳುತ್ತಿದ್ದ ಒಣಕೆಮ್ಮು ಅಲ್ಲಿಯ ತೇವಕ್ಕೆ ಹೆಚ್ಚಿತೋ, ಕಡಿಮೆಯಾಯಿತೋ? ಎಮ್ಲಿನ್ ಆರೋಗ್ಯವಾಗಿದ್ದಾನಾ? ಮರಗೆಲಸದವರಿಗೆ ನಲವತ್ತು ದಾಟಿದ ಮೇಲೆ ಸೊಂಟ ಹಿಡಿದುಕೊಳ್ಳುತ್ತದೆ, ಈಗಲೇ ಹುಷಾರಾಗಿರಲು ಹೇಳು. ಮೆರೆರಿದ್ ಹೇಗಿದ್ದಾಳೆ? ಮೆರೆರಿದ್ ಯಾರೆಂದು ನನಗೆ ಗೊತ್ತಿಲ್ಲ. ಜನವರಿಯಲ್ಲಿ ನಿಮ್ಮ ಮನೆಯಿಂದ ಬಂದ ಕಾರ್ಡಿನ ಕೊನೆಗೆ ಎಮ್ಲಿನ್, ಕತೆಲ್, ಮೆರೆರಿದ್ ಎಂದು ಮೂರು ಹೆಸರಿದ್ದವು. ಮಗುವಾಗಿದ್ದರೆ ಅದಕ್ಕೆ ಈ ಸೋದರಮಾವನ ಮುತ್ತು. ನಾಯಿಯಾಗಿದ್ದರೆ ಅದೂ ಚೆನ್ನಾಗಿರಲಿ. ಒಡಹುಟ್ಟಿದ ತಂಗಿ ಮಗು ಹೆತ್ತಿದ್ದಾಳೋ ನಾಯಿ ಸಾಕಿದ್ದಾಳೋ ತಿಳಿಯದೆ ಕಾಗದ ಬರೆಯುವ ಅಣ್ಣ ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಇನ್ನು ಬೈಯುತ್ತೇನೆ.

ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ನಿನ್ನ ಅತ್ತಿಗೆ ಸೊಲಾಂಜಳದೂ ಅಲ್ಲ. ಬಂದರಿನಲ್ಲಿ ಪ್ಲಿಮತ್ ಹಡಗಿನ ಟಿಕೆಟ್ ಕೊಡುವ ಎನೋರಾ ಎಂಬ ಹುಡುಗಿಯಿಂದ ಬರೆಸಿದ್ದು. ನನ್ನ ಅಕ್ಷರ ಕಂಡರೆ ನೀನು ತೆರೆಯುವುದಿಲ್ಲವಲ್ಲ. ಡಿಸೆಂಬರಿನಲ್ಲಿ ಎರಡು ಕಾಗದ ಹಾಕಿದೆ, ಎರಡೂ ಅಂಟು ಬಿಚ್ಚದೆ ವಾಪಸ್ ಬಂದವು. ಮೇಲೆ ನಿನ್ನ ಕೈಯಲ್ಲೇ 'ಕಳಿಸಿದವರಿಗೆ' ಎಂದು ಬರೆದಿತ್ತು. ಆ ಓರೆ ಅಕ್ಷರ ನಿನಗೆ ಕಲಿಸಿದವನು ನಾನು ಕಣೇ, ನಮ್ಮ ಅಡುಗೆಮನೆಯ ಮೇಜಿನ ಮೇಲೆ, ನಿನ್ನ ಕೈ ಹಿಡಿದು. ಅದೇ ಅಕ್ಷರದಲ್ಲಿ ನನ್ನ ಕಾಗದ ನನ್ನ ಮುಖದ ಮೇಲೆ ಎಸೆದೆ. ಇರಲಿ. ಈಗ ತೆರೆದಿದ್ದೀಯ, ಪೂರ್ತಿ ಓದು. ಅಪ್ಪ ಮನೆಗೆ ಬಂದಿಲ್ಲ. ಬಂದಿದ್ದಾನೆ ಎಂದು ನೀನು ಅಂದುಕೊಂಡಿದ್ದೀಯ, ಅದು ಸುಳ್ಳು. ಡಿಸೆಂಬರ್ ಇಪ್ಪತ್ತಕ್ಕೆ ಮೊರ್ಲೆಯ ಆಸ್ಪತ್ರೆಗೆ ಸೇರಿದವನು ಇನ್ನೂ ಅಲ್ಲೇ, ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿದ್ದಾನೆ. ಇವತ್ತಿಗೆ ಹನ್ನೆರಡು ವಾರ. ಎದೆಯಲ್ಲಿ ಉಸಿರು ನಿಲ್ಲುವುದಿಲ್ಲ, ಮೂಗಿಗೆ ನಳಿಗೆ ಹಾಕಿದ್ದಾರೆ. ಹೋದ ಗುರುವಾರ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು, "ದೂರದಲ್ಲಿರೋರು ಯಾರಾದ್ರೂ ಇದ್ರೆ ಈಸ್ಟರ್ ಹಬ್ಬಕ್ಕೆ ಬರ್ಲಿ ಅಂತ ಕಾಯ್ಬೇಡಿ, ಮುಂಚೇನೇ ಕರೆಸ್ಕೊಳಿ." ಈಸ್ಟರ್ ಇರುವುದು ಇಪ್ಪತ್ತಾರಕ್ಕೆ.

ನೀನು ಯಾಕೆ ಸಿಟ್ಟಾದೆ ಎಂದು ನನಗೆ ಯಾರೂ ನೆನಪಿಸಬೇಕಾಗಿಲ್ಲ. ಆರು ವರ್ಷದ ಹಿಂದೆ, ಈಸ್ಟರ್ ಊಟಕ್ಕೆ ಕೂತಾಗ, ಎಮ್ಲಿನ್‌ನನ್ನು ಮದುವೆಯಾಗುತ್ತೇನೆ, ಕಾರ್ಮಾರ್ಥೆನ್‌ನಲ್ಲೇ ಇರುತ್ತೇನೆ ಎಂದೆ. ಅಪ್ಪ ಚಾಕು ಕೆಳಗಿಟ್ಟು, "ವೇಲ್ಸ್ ಅಂದ್ರೆ ಈರುಳ್ಳಿ ಮಾರೋಕೆ ಹೋಗೋ ಜಾಗ ಕಣೇ. ಮಾರ್ಬೇಕು, ಮನೆಗೆ ಬರ್ಬೇಕು. ಅಲ್ಲೇ ಕೂತ್ಕೊಳ್ಳೋಕೆ ನಿನಗೇನು ಬಂದಿರೋದು?" ಎಂದ. ಮೂವತ್ತೊಂದು ವರ್ಷ ಪ್ರತಿ ಜುಲೈನಲ್ಲಿ ಹೊರಟು, ಸೈಕಲ್ಲಿನ ತುಂಬ ಈರುಳ್ಳಿ ಜಡೆ ತೂಗುಹಾಕಿಕೊಂಡು ಅದೇ ಊರಿನ ಬೀದಿ ಬೀದಿ ಸುತ್ತಿ, ಕ್ರಿಸ್ಮಸ್‌ಗೆ ಮನೆಗೆ ಬರುತ್ತಿದ್ದವನು ಅವನು. ಆ ಊರಿನ ಕಥೆ ಹೇಳಿ ಹೇಳಿ ನಿನಗೆ ಹುಚ್ಚು ಹಿಡಿಸಿದವನೂ ಅವನೇ. ನೀನು ಸುಮ್ಮನಿರುತ್ತೀಯಾ? "ಅರ್ಧ ವರ್ಷ ಅಲ್ಲೇ ಕೂತಿರ್ತಿದ್ದೋನು ನೀನು. ನಮಗೂ ಒಬ್ಬ ಅಪ್ಪ ಇದ್ದ, ಕ್ರಿಸ್ಮಸ್‌ನಿಂದ ಜೂನ್‌ವರೆಗೆ" ಅಂದೆ. 'ಇದ್ದ' ಅಂದೆ. ಅದು ಅರ್ಥವಾಗಲು ಮೇಜಿನ ಸುತ್ತ ಕೂತಿದ್ದ ಯಾರಿಗೂ ವ್ಯಾಕರಣ ಬೇಕಾಗಲಿಲ್ಲ. ಅಪ್ಪನ ಮುಖ ಬಿಳಿಚಿಕೊಂಡಿತು. ನೀನು ನನ್ನ ಕಡೆ ತಿರುಗಿ, "ನೀನಾದ್ರೂ ಏನಾದ್ರೂ ಹೇಳೋ ಅಣ್ಣ" ಎಂದೆ. ನಾನು ತಟ್ಟೆಯಲ್ಲಿದ್ದ ಮಾಂಸವನ್ನು ಸಣ್ಣ ಸಣ್ಣಗೆ ಕತ್ತರಿಸುತ್ತ ಕೂತೆ. ಜುಲೈನಲ್ಲಿ ನಿನ್ನ ಮದುವೆಗೂ ಬರಲಿಲ್ಲ. ಹೂಕೋಸು ಕೊಯ್ಲಿದೆ ಎಂದು ಹೇಳಿ ಕಳಿಸಿದೆ. ಜುಲೈ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಎಲ್ಲಿಯ ಹೂಕೋಸು? ನಿನಗೂ ಗೊತ್ತಿತ್ತು. ಆ ನಾಚಿಕೆ ನನಗೆ ಇಂದಿಗೂ ಇದೆ, ಹಾಗಂತ ನಿನ್ನ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ.

ಎರಡು ವರ್ಷದಿಂದ ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ನಗಬೇಡ. ಪ್ರತಿ ಸೋಮವಾರ ಸಂಜೆ ಆರಕ್ಕೆ, ಪುರಸಭೆಯ ಮೇಲಿನ ಕೋಣೆಯಲ್ಲಿ. ಹಡಗಿನಿಂದ ಇಳಿದು ಬರುವ ಇಂಗ್ಲಿಷರು ಹೊಲದ ಬಾಗಿಲಿಗೇ ಬಂದು ಈರುಳ್ಳಿ ಕೇಳುತ್ತಾರೆ, ಅದಕ್ಕೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜ ಏನೆಂದರೆ, ಒಂದಲ್ಲ ಒಂದು ದಿನ ನಿನ್ನ ಗಂಡನ ಮುಂದೆ ಕೂತು, ಮದುವೆಗೆ ಬರದೇ ಹೋದದ್ದಕ್ಕೆ ನನ್ನ ಬಾಯಲ್ಲೇ ಕ್ಷಮೆ ಕೇಳಬೇಕೆಂದಿತ್ತು. ಅವನಿಗೆ ಫ್ರೆಂಚ್ ಬರುವುದಿಲ್ಲ, ನಡುವೆ ನಿನ್ನನ್ನು ಕೂರಿಸಿಕೊಂಡು ಕೇಳಿದರೆ ಅದು ಕ್ಷಮೆಯೂ ಅಲ್ಲ. ಅಪ್ಪನಿಗೆ ಇದು ಗೊತ್ತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮೂವತ್ತೊಂದು ವರ್ಷ ಗುಡ್ ಆನಿಯನ್ ಲೇಡಿ ಅಂತ ಅಷ್ಟರಲ್ಲೇ ಜೀವನ ಮಾಡ್ದೆ ಕಣೋ, ನಿನಗ್ಯಾಕೋ ಕ್ಲಾಸು?" ಅಂದಿದ್ದ. ಅವನ ಇಂಗ್ಲಿಷಿನಲ್ಲಿ ನಿನ್ನೆಯೂ ಇರಲಿಲ್ಲ, ನಾಳೆಯೂ ಇರಲಿಲ್ಲ, ಬರೀ ಈರುಳ್ಳಿ ಇತ್ತು. ಅವನೇ ಪುಣ್ಯವಂತ.

ಅಪ್ಪ ಆಸ್ಪತ್ರೆ ಸೇರಿದ ಮರುದಿನವೇ ಫೋನ್ ಮಾಡಿದೆ. ನಿನ್ನ ನಂಬರ್ ಬದಲಾಗಿತ್ತು. ಕಾಗದ ಹಾಕಿದೆ, ಅವು ವಾಪಸ್ ಬಂದ ಕಥೆ ಆಯಿತು. ಅಷ್ಟರಲ್ಲಿ ಅಪ್ಪ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, "ಕತೆಲ್‌ಗೆ ತಿಳಿಸ್ದೇನೋ?" ಎಂದು ಕೇಳುತ್ತಲೇ ಇದ್ದ. ಕೊನೆಗೆ ನಿಮ್ಮ ಮದುವೆಯ ಕರೆಯೋಲೆ ಹುಡುಕಿ ತೆಗೆದೆ. ಅದರಲ್ಲಿ ಎಮ್ಲಿನ್‌ನ ಅಪ್ಪನ ಮರದ ಕಾರ್ಖಾನೆಯ ವಿಳಾಸವಿತ್ತು. ನಿನ್ನ ಕೈಗೆ ಸಿಕ್ಕಿದರೆ ತಾನೇ ವಾಪಸ್ ಬರುವುದು, ನೇರವಾಗಿ ಅವನಿಗೇ ಇಂಗ್ಲಿಷಿನಲ್ಲಿ ಬರೆಯೋಣ ಎಂದು ಜನವರಿ ಹತ್ತಕ್ಕೆ ಇದೇ ಗೋದಾಮಿನಲ್ಲಿ ಇದೇ ಹಲಗೆಯ ಮೇಲೆ ಕೂತೆ.

ಮೊದಲು ಬರೆದದ್ದು ನಮ್ಮ ಬಾಯಿಗೆ ಬರುವ ಹಾಗೆಯೇ: ಅಪ್ಪ ಮೂರು ವಾರದಿಂದ ಆಸ್ಪತ್ರೆಯಲ್ಲಿ ಇದ್ದಾನೆ. 'ಫಾದರ್ ಈಸ್ ಇನ್ ಹಾಸ್ಪಿಟಲ್ ಸಿನ್ಸ್ ತ್ರೀ ವೀಕ್ಸ್.' ಇದ್ದಾನೆ, ಅದಕ್ಕೇ 'ಈಸ್'. ಇದರಲ್ಲಿ ಏನು ತಪ್ಪಿದೆ ಹೇಳು? ಆದರೆ ನಮ್ಮ ಮೇಷ್ಟರಮ್ಮ ಮದಾಮ್ ಪಿಶಾವಾಂ ಅಕ್ಟೋಬರಿನಲ್ಲೇ ಇಂಥದೊಂದು ವಾಕ್ಯದ ಮೇಲೆ ಕೆಂಪು ಶಾಯಿ ಸುರಿದಿದ್ದಳು. "ಈಸ್ ಹಾಕಿ ಸಿನ್ಸ್ ಅಂತ ಇನ್ನೊಂದ್ಸಲ ಬರೆದ್ರೆ ನಿಮ್ಮನ್ನ ಮೊದಲನೇ ವರ್ಷಕ್ಕೆ ವಾಪಸ್ ಕಳಿಸ್ತೀನಿ, ಅಲ್ಲಿ ಹ್ಯಾವ್ ಬೇಕು" ಎಂದಿದ್ದಳು. ಸರಿ, ಹೊಡೆದು ಹಾಕಿದೆ. 'ಹ್ಯಾವ್' ಹಾಕೋಣವೆಂದು ಪೆನ್ನು ಎತ್ತಿದೆನೋ ಇಲ್ಲವೋ, ಕ್ರಿಸ್ಮಸ್‌ಗೆ ಮುಂಚಿನ ವಾರದ ಪಾಠ ನೆನಪಿಗೆ ಬಂತು. ಆ ದಿನ ನಾನು 'ನಿನ್ನೆ ಹೂಕೋಸು ಕೊಯ್ದೆ' ಎನ್ನಲು ಹೋಗಿ 'ಐ ಹ್ಯಾವ್ ಕಟ್' ಎಂದು ಹೇಳಿ ಎಲ್ಲರ ಮುಂದೆ ಬೈಸಿಕೊಂಡಿದ್ದೆ. ನಮ್ಮ ಫ್ರೆಂಚಿನಲ್ಲಿ 'ಕೊಯ್ದೆ' ಎನ್ನಲೂ 'ಕೊಯ್ದಿದ್ದೇನೆ' ಎನ್ನಲೂ ಒಂದೇ ಮಾತು, ಆ 'ಹ್ಯಾವ್' ಇಲ್ಲದೆ ಎರಡೂ ಇಲ್ಲ. ಅದನ್ನೇ ಹೊತ್ತುಕೊಂಡು ಹೋಗಿ ಇಂಗ್ಲಿಷಿನಲ್ಲೂ ಇಳಿಸುತ್ತೇವಂತೆ. "ಕಂಡಕಂಡಲ್ಲಿ ಹ್ಯಾವ್ ತುರುಕ್ತೀರಲ್ಲ ಮೊಸ್ಯೂ ಕೆರ್ಬಿರಿಯು, ಅದೇನು ಉಪ್ಪಾ? ಆಗಿ ಹೋಗಿದ್ದಕ್ಕೆ ಹ್ಯಾವ್ ಬೇಡ, ತೆಗೀರಿ ಅದನ್ನ!" ಒಂದು ವಾರ ಹಾಕು ಎನ್ನುತ್ತಾಳೆ, ಇನ್ನೊಂದು ವಾರ ತೆಗಿ ಎನ್ನುತ್ತಾಳೆ. ನಲವತ್ತೊಂಬತ್ತು ವರ್ಷದ ನಾನು ಆ ಕೆಂಪು ಪೆನ್ನಿಗೆ ಹೆದರಿದೆ ಕಣೇ. ಯೋಚಿಸಿದೆ. ಅಪ್ಪ ಕುಸಿದು ಬಿದ್ದದ್ದು ಆಗಿಹೋಗಿದೆ. ಮೂರು ವಾರ ಆಗಿಹೋಗಿದೆ. ನಿನ್ನನ್ನು ಕೇಳಿದ್ದೂ ಆಗಿಹೋಗಿದೆ. ಅಂದಮೇಲೆ 'ಹ್ಯಾವ್' ತೆಗೆಯಬೇಕು. ತೆಗೆದೆ. 'ಫಾದರ್ ವಾಸ್ ಇನ್ ಹಾಸ್ಪಿಟಲ್ ಫಾರ್ ತ್ರೀ ವೀಕ್ಸ್. ಹಿ ಆಸ್ಕ್ಡ್ ಫಾರ್ ಕತೆಲ್.' ಕೆಳಗೆ ಸಹಿ ಹಾಕಿದೆ. ಸೊಲಾಂಜ್‌ಗೆ ಜೋರಾಗಿ ಓದಿ ತೋರಿಸಿದೆ. ಅಷ್ಟು ಅಚ್ಚುಕಟ್ಟಾದ ಇಂಗ್ಲಿಷ್ ನಾನು ಅದುವರೆಗೆ ಬರೆದಿರಲಿಲ್ಲ.

ಇಪ್ಪತ್ತನೇ ತಾರೀಖು ಎಮ್ಲಿನ್‌ನ ಕಾರ್ಡು ಬಂತು. ಹಳದಿ ಹೂವಿನ ಚಿತ್ರ, ಒಳಗೆ ಮೂರು ಸಾಲು. ಬರಲು ಯಾವ ಹಡಗು ಹಿಡಿಯುತ್ತೀರೋ ಎಂದು ನೋಡುತ್ತ, ಬಾಗಿಲಲ್ಲೇ ನಿಂತು ಓದಿದೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್, ಎಂದಿತ್ತು. ಎರಡನೇ ಸಾಲಿನಲ್ಲಿ 'ಗ್ಲಾಡ್' ಎಂಬ ಪದವಿತ್ತು, 'ಓವರ್' ಎಂಬ ಪದವಿತ್ತು. ಎರಡೂ ಗೊತ್ತಿದ್ದ ಪದಗಳೇ, ಆದರೂ ನಂಬಿಕೆ ಬರದೆ ನಿಘಂಟು ತೆಗೆದು ನೋಡಿದೆ. ಅದು ಮುಗಿಯಿತೆಂದು ನಮಗೆ ತುಂಬಾ ಸಂತೋಷ. ಮೂರನೇ ಸಾಲು: ಕತೆಲ್‌ಗೂ ಸಂತೋಷ. ಅಪ್ಪ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾನೆ ಎಂದು ಬರೆದರೆ, ನನ್ನ ತಂಗಿಗೆ ಸಂತೋಷ! ನನಗೆ ಮೈಯೆಲ್ಲ ಉರಿದುಹೋಯಿತು. ಸೊಲಾಂಜ್ ಕಾರ್ಡು ಕಿತ್ತುಕೊಂಡು, "ಹೀಗೆ ಯಾರಾದ್ರೂ ಬರೀತಾರೇನ್ರೀ? ನೀವೇ ಏನೋ ತಪ್ಪಾಗಿ ಓದಿದೀರ" ಎಂದಳು. ಅವಳ ಮೇಲೂ ಹಾರಿಬಿದ್ದೆ. ಎರಡು ತಿಂಗಳು, ಕತೆಲ್, ಎರಡು ತಿಂಗಳು ನಾನು ನಿನ್ನನ್ನು ಯಾವ ಯಾವ ಮಾತಿನಲ್ಲಿ ಬೈದಿದ್ದೇನೆ ಎಂದು ಬರೆದರೆ ಈ ಕಾಗದ ಹಡಗು ಹತ್ತುವುದಿಲ್ಲ. ಹೂಕೋಸು ಕತ್ತರಿಸುವಾಗ ಬೈದೆ. ವ್ಯಾನ್ ಓಡಿಸುವಾಗ ಬೈದೆ. ಅಮ್ಮನ ಗೋರಿಯ ಹತ್ತಿರ ನಿಂತು, ನಿನ್ನ ಮಗಳ ಗುಣ ನೋಡು ಎಂದು ಅವಳಿಗೂ ದೂರು ಹೇಳಿದೆ. ಎಮ್ಲಿನ್‌ನ ಹತ್ತಿರ ಕ್ಷಮೆ ಕೇಳಲು ಕಲಿತ ಇಂಗ್ಲಿಷ್ ಎಲ್ಲ ಹಾಳಾಗಿ ಹೋಗಲಿ ಎಂದುಕೊಂಡು, ಫೆಬ್ರವರಿಯಲ್ಲಿ ಮೂರು ಸೋಮವಾರ ಕ್ಲಾಸಿಗೂ ಹೋಗಲಿಲ್ಲ. ದುಡ್ಡು ಕಟ್ಟಿದ್ದೀರಿ, ಮನೆಯಲ್ಲಿ ಕೂತು ನನ್ನ ತಲೆ ತಿನ್ನಬೇಡಿ ಎಂದು ಸೊಲಾಂಜಳೇ ಮತ್ತೆ ಅಟ್ಟಿದಳು.

ನಿನ್ನೆ ಸಂಜೆ ಅಲ್ಲಿ ಆದದ್ದನ್ನು ಈಗ ಹೇಳುತ್ತೇನೆ. ಮದಾಮ್ ಪಿಶಾವಾಂ ಹಲಗೆಯ ಮೇಲೆ ಎರಡು ವಾಕ್ಯ ಬರೆದಳು. ಒಂದರಲ್ಲಿ 'ಹ್ಯಾವ್' ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಮಿಕ್ಕಿದ್ದೆಲ್ಲ ಒಂದೇ: ನಾನು ಕೆಂಪೇರ್‌ನಲ್ಲಿ ಹತ್ತು ವರ್ಷ ವಾಸ. "ಇವನ್ನ ಹೇಳಿದ ಇಬ್ಬರಲ್ಲಿ ಇವತ್ತೂ ಕೆಂಪೇರ್‌ನಲ್ಲಿರೋರು ಯಾರು?" ಎಂದು ಕೇಳಿದಳು. ಹನ್ನೊಂದು ಜನರಲ್ಲಿ ಒಂಬತ್ತು ಜನ ತಪ್ಪು ಹೇಳಿದೆವು. 'ಹ್ಯಾವ್' ಇದ್ದರೆ ಆಗಿಹೋದದ್ದು ಎಂದೇ ನಮ್ಮ ಕಿವಿ ಹೇಳುತ್ತದೆ. ಆಯಮ್ಮ ತಲೆ ಚಚ್ಚಿಕೊಂಡಳು. "ಉಲ್ಟಾ! ಹ್ಯಾವ್ ಇದ್ರೆ ಇನ್ನೂ ಅಲ್ಲೇ ಇದಾರೆ. ಹ್ಯಾವ್ ಇಲ್ದಿದ್ರೆ ಮನೆ ಖಾಲಿ ಮಾಡ್ಕೊಂಡು ಹೋಗಿ ಆಯ್ತು. ಹತ್ತು ವರ್ಷ ಇದ್ರು, ಈಗಿಲ್ಲ." ಆಮೇಲೆ ಮನೆಯವರ ಬಗ್ಗೆ ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಿ ಎಂದಳು. ನನ್ನ ಸರದಿ ಬಂತು. ಹೊಸದಾಗಿ ಕಟ್ಟುವ ತಾಳ್ಮೆ ಇರಲಿಲ್ಲ, ಬಾಯಿಪಾಠವಾಗಿದ್ದ ನನ್ನ ಜನವರಿಯ ವಾಕ್ಯವನ್ನೇ ಎದ್ದು ನಿಂತು ಹೇಳಿದೆ. ಒಂದು ಅಕ್ಷರ ತಡವರಿಸಲಿಲ್ಲ. ಮದಾಮ್ ಪಿಶಾವಾಂ ಮುಖ ಅರಳಿತು. "ಸದ್ಯ ಮೊಸ್ಯೂ ಕೆರ್ಬಿರಿಯು, ನಿಮ್ಮ ತಂದೆ ಮನೆಗೆ ಬಂದ್ರಲ್ಲ! ನಮಗೆಲ್ಲ ಎಷ್ಟು ಸಂತೋಷ!" ಎಂದಳು.

ಆಯಮ್ಮ ಪಕ್ಕದೂರು ಸೇಂಟ್ ಪೋಲ್‌ನವಳು, ಅವಳಿಗೆ ಗೊತ್ತಿರಲಿಲ್ಲ. ಮಿಕ್ಕವರಿಗೆ ಗೊತ್ತಿತ್ತು. ಯಾರೂ ನಗಲಿಲ್ಲ. ಎನೋರಾ ಕೂಡ ಅದೇ ಕ್ಲಾಸಿನವಳು, ಅವಳು ಮೆಲ್ಲಗೆ, "ಇಲ್ಲ ಮೇಡಮ್, ಇವರ ತಂದೆ ಇನ್ನೂ ಮೊರ್ಲೆ ಆಸ್ಪತ್ರೆಲೇ ಇದಾರೆ" ಎಂದಳು. "ಹಾಗಿದ್ರೆ ಇವರು ಹೇಳಿದ್ದು ತಪ್ಪು. ಇವರು ಹೇಳಿದ್ದನ್ನ ಕೇಳಿದೋರು ಯಾರೇ ಆದ್ರೂ ಅವರು ವಾಸಿಯಾಗಿ ಮನೆಗೆ ಬಂದಿದಾರೆ ಅಂತ್ಲೇ ತಿಳ್ಕೊಳೋದು" ಎಂದು ಆಯಮ್ಮ ಹಲಗೆಯ ಕಡೆ ತಿರುಗಿ ನನ್ನ ವಾಕ್ಯವನ್ನು ಬರೆಯತೊಡಗಿದಳು, ತಿದ್ದಿ ತೋರಿಸಲು. ನಾನು ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದು ವ್ಯಾನಿನ ಹತ್ತಿರ ಹೋದೆ. ಆ ಕಾರ್ಡು ಎರಡು ತಿಂಗಳಿಂದ ಸ್ಟೇರಿಂಗ್ ಪಕ್ಕದ ಗೂಡಿನಲ್ಲೇ ಬಿದ್ದಿತ್ತು. ಬೈಯಲು ಬೇಕಾದಾಗ ತೆಗೆದು ಓದುತ್ತಿದ್ದೆ. ನಿನ್ನೆ ಮತ್ತೆ ಓದಿದೆ. ಅದೇ ಮೂರು ಸಾಲು, ಅವನ ಅದೇ ದುಂಡು ಅಕ್ಷರ. ನನ್ನ ಇಂಗ್ಲಿಷ್ ನೋಡಿ, ಅರ್ಥವಾಗಲಿ ಪಾಪ ಎಂದು, ಮಕ್ಕಳಿಗೆ ಬರೆಯುವ ಹಾಗೆ ಚಿಕ್ಕ ಚಿಕ್ಕದಾಗಿ ಬರೆದಿದ್ದಾನೆ. ಕಾಯಿಲೆ ಮುಗಿಯಿತಲ್ಲ, ನಮಗೆ ಸಂತೋಷ. ಕತೆಲ್‌ಗೂ ಸಂತೋಷ. ಬರೀ ಅಷ್ಟು.

ಕ್ಷಮೆ ಕೇಳುತ್ತೇನೆ. ಎಮ್ಲಿನ್‌ನಿಗೂ ಹೇಳು, ಅವನ ಬಗ್ಗೆ ನಾನು ಅಂದದ್ದೆಲ್ಲ ತಪ್ಪು. ಇಷ್ಟು ಹೇಳಿದೆನೆಂದು ನನ್ನ ಸಿಟ್ಟು ಇಳಿದುಹೋಯಿತು ಎಂದುಕೊಳ್ಳಬೇಡ. ಈ ಸಿಟ್ಟನ್ನು ಯಾರ ಮೇಲೆ ಇಳಿಸಬೇಕು ಹೇಳು? 'ಇದ್ದ' ಎಂದರೆ ಒಂದು, 'ಇದ್ದಾನೆ' ಎಂದರೆ ಒಂದು ಸಾಲದೆಂದು, ನಡುವೆ ಮೂರನೆಯದೊಂದು ಕಿಂಡಿ ಕೊರೆದುಕೊಂಡು ಕೂತಿರುವ ಆ ಇಂಗ್ಲಿಷರ ಮೇಲೆ ಸಿಟ್ಟು. ಆಗಿಹೋದದ್ದಕ್ಕೂ ಆಗುತ್ತ ಉಳಿದದ್ದಕ್ಕೂ ಒಂದೇ ಅಂಗಿ ತೊಡಿಸುವ ನಮ್ಮ ಮಾತಿನ ಮೇಲೆ ಸಿಟ್ಟು. ಹಾಕು ತೆಗಿ ಎಂದು ಕುಣಿಸಿದ ಮದಾಮ್ ಪಿಶಾವಾಂ ಮೇಲೆ ಸಿಟ್ಟು, ಆದರೆ ಆಯಮ್ಮ ಎರಡು ಸಲವೂ ಸರಿಯಾಗೇ ಹೇಳಿದ್ದಳು, ಅದಕ್ಕೆ ಇನ್ನೂ ಸಿಟ್ಟು. ನನ್ನ ಮೇಲಂತೂ ಹೇಳುವುದೇ ಬೇಡ. ಅಪ್ಪನ ವಿಷಯ ಬರೆಯುವಾಗ ಅಪ್ಪನ ಬಗ್ಗೆ ಯೋಚಿಸುವುದು ಬಿಟ್ಟು ಮಾರ್ಕ್ಸ್ ಕಡಿಮೆ ಬರುತ್ತದೇನೋ ಎಂದು ಯೋಚಿಸಿದ ಮೂರ್ಖ ನಾನು. ನಿನ್ನ ಮೇಲೆ ಇರುವ ಸಿಟ್ಟು ಬೇರೆಯದು, ಅದಕ್ಕೂ ವ್ಯಾಕರಣಕ್ಕೂ ಸಂಬಂಧವಿಲ್ಲ. ಸರಿ, ಅಪ್ಪ ಮನೆಗೆ ಬಂದ ಎಂದೇ ತಿಳಿದೆ. ಎಪ್ಪತ್ತಾರು ವರ್ಷದವನು ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದಿದ್ದಾನೆ, ನಿನ್ನನ್ನು ಕೇಳಿದ್ದಾನೆ. ಒಂದು ಫೋನ್ ಮಾಡಲಿಕ್ಕೆ ಆಗಲಿಲ್ಲವಾ? ನಮ್ಮ ನಂಬರ್ ಬದಲಾಗಿಲ್ಲ. ನಿನ್ನ ಸಂತೋಷವನ್ನು ಗಂಡನ ಕೈಯಲ್ಲಿ ಬರೆಸಿ ಕಳಿಸಿದೆಯಲ್ಲ, ನಿನ್ನ ಕೈಗೇನಾಗಿತ್ತು? ನಾನು 'ವಾಸ್' ಎಂದು ಬರೆದದ್ದು ನನ್ನ ತಪ್ಪು. ಅದನ್ನು ಓದಿ ನೀನು ಸುಮ್ಮನೆ ಕೂತದ್ದು ನಿನ್ನ ತಪ್ಪು.

ಅಪ್ಪ ಈಗ ತುಂಬಾ ಇಳಿದುಹೋಗಿದ್ದಾನೆ, ನೋಡಿ ಗಾಬರಿಯಾಗಬೇಡ. ಮೊದಲ ತಿಂಗಳು ಆಸ್ಪತ್ರೆಯಲ್ಲಿ ಕೊಡುವ ಬೆಣ್ಣೆಗೆ ಉಪ್ಪಿಲ್ಲ ಎಂದು ದೊಡ್ಡ ರಂಪ ಮಾಡಿದ. "ಇದೇನು ಬೆಣ್ಣೆಯಾ, ಮುಲಾಮಾ? ಕಾಲಿಗೆ ಹಚ್ಕೊಳ್ಳಾ?" ಎಂದು ನರ್ಸಮ್ಮನ ಮೇಲೆ ಕೂಗಾಡಿದ. ಸೊಲಾಂಜ್ ಮನೆಯಿಂದ ಉಪ್ಪು ಬೆಣ್ಣೆ ಕದ್ದು ಒಯ್ಯುತ್ತಿದ್ದಳು. ಈಗ ಯಾವ ಬೆಣ್ಣೆಯನ್ನೂ ಕೇಳುವುದಿಲ್ಲ. ಕೂಗಾಡುವುದನ್ನೂ ಬಿಟ್ಟಿದ್ದಾನೆ, ಅದೇ ನನಗೆ ಭಯ. ಈ ಕಾಗದವನ್ನು ಎನೋರಾ ಸಂಜೆಯ ಹಡಗಿನಲ್ಲಿ ತನ್ನ ಪರಿಚಯದವರ ಕೈಯಲ್ಲಿ ಕೊಟ್ಟು, ನಾಳೆ ಬೆಳಿಗ್ಗೆ ಪ್ಲಿಮತ್‌ನಲ್ಲೇ ಅಂಚೆಗೆ ಹಾಕಿಸುತ್ತಾಳೆ. ಗುರುವಾರ ನಿನ್ನ ಕೈಯಲ್ಲಿರುತ್ತದೆ. ತಂತಿ ಕೊಡಿ ಎಂದು ಸೊಲಾಂಜ್ ಹೇಳಿದಳು. ತಂತಿಯಲ್ಲಿ ನಾಲ್ಕು ಪದ ಹಿಡಿಯುತ್ತವೆ, ಅಣ್ಣನ ನಾಟಕ ಎಂದು ನೀನು ಹರಿದೆಸೆಯುತ್ತಿದ್ದೆ. ಶುಕ್ರವಾರ ಒಂದು ಹಡಗಿದೆ, ಭಾನುವಾರ ಇನ್ನೊಂದಿದೆ. ಎರಡು ದಿನವೂ ನಾನು ಬಂದರಿನಲ್ಲಿ ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತೇನೆ. ಎಮ್ಲಿನ್ ಬಂದರೆ ಒಳ್ಳೆಯದು. ಮೆರೆರಿದ್‌ಳನ್ನು ಕರೆದುಕೊಂಡು ಬಾ, ಮಗುವಾಗಿದ್ದರೂ ಸರಿ, ನಾಯಿಯಾಗಿದ್ದರೂ ಸರಿ. ನನ್ನ ಜೊತೆ ಮಾತಾಡಲೇಬೇಕೆಂದೇನಿಲ್ಲ, ದಾರಿಯುದ್ದಕ್ಕೂ ಕಿಟಕಿ ನೋಡುತ್ತ ಕೂತರೂ ಸರಿ, ಮೊರ್ಲೆ ಬರೀ ಅರ್ಧ ಗಂಟೆ.

ಸೊಲಾಂಜ್ ನಿನಗೆ ಪ್ರೀತಿ ತಿಳಿಸಿದ್ದಾಳೆ, ನಿನ್ನ ಹಳೆಯ ಕೋಣೆ ಗುಡಿಸಿ ಹಾಸಿಗೆಗೆ ಬಿಸಿಲು ತೋರಿಸಿದ್ದಾಳೆ. ದೊಡ್ಡವನಾಗಿ ನಿನ್ನನ್ನು ಹರಸುವ ಅರ್ಹತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ನೀನು, ನಿನ್ನ ಮನೆಯವರು ಸುಖವಾಗಿರಿ.

ಸಿಟ್ಟಿನಲ್ಲೇ ಇರುವ ನಿನ್ನ ಅಣ್ಣ,
ಗುಲ್ವೆನ್

ಮತ್ತೆ: ಎನೋರಾ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಒಂದು ವಿಷಯ ಬರೆಯದೆ ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ಆ ಕಾರ್ಡನ್ನು ನಾನು ಅಪ್ಪನಿಗೆ ತೋರಿಸಿಬಿಟ್ಟೆ. ಬಂದ ಎರಡನೇ ದಿನ, ಭಾನುವಾರ. ಅವನು ಮತ್ತೆ "ಕತೆಲ್ ಏನಂದ್ಲೋ?" ಎಂದು ಕೇಳಿದ, ನನಗೆ ತಲೆ ಕೆಟ್ಟಿತ್ತು, "ತಗೋ, ನೀನೇ ಓದ್ಕೋ" ಎಂದು ಕೈಗೆ ಕೊಟ್ಟೆ. 'ಗ್ಲಾಡ್' ಅವನಿಗೆ ಗೊತ್ತು, ಬಾಗಿಲು ತೆಗೆದ ಹೆಂಗಸರೆಲ್ಲ ಅವನಿಗೆ ಹೇಳುತ್ತಿದ್ದ ಮಾತು. 'ಓವರ್' ಕೂಡ ಗೊತ್ತು. ಎರಡು ಸಲ ಓದಿ ಕಾರ್ಡು ವಾಪಸ್ ಕೊಟ್ಟು, "ಆ ಪರದೆ ಎಳಿ" ಎಂದ. ಅವತ್ತಿನಿಂದ ನಿನ್ನ ಹೆಸರು ಎತ್ತಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ, 'ವಾಸ್' ಎಂದರೇನು, 'ಹ್ಯಾವ್' ಎಂದರೇನು, ತಪ್ಪು ನನ್ನದು, ಅವಳದಲ್ಲ ಎಂದೆ. ಕಣ್ಣು ಮುಚ್ಚಿಕೊಂಡೇ ಕೇಳಿದ. "ಸಾಯೋ ಮುದುಕನಿಗೆ ಸಮಾಧಾನ ಹೇಳೋಕೆ ವ್ಯಾಕರಣ ಕಲ್ತು ಬಂದ್ಯೇನೋ? ಹೋಗೋ" ಎಂದ. ನಂಬಲಿಲ್ಲ ಕಣೇ. ನಾನು ಇನ್ನು ಏನು ಹೇಳಿದರೂ ನಂಬುವುದಿಲ್ಲ, ಅವನ ಎದುರು ನೀನೇ ಬಂದು ನಿಂತರೆ ಮಾತ್ರ ನಂಬುತ್ತಾನೆ. ಬಂದು ನನ್ನ ಹೆಸರು ಹಿಡಿದೇ ಹೇಳು. ಅವನು ನನ್ನನ್ನು ಬೈಯುತ್ತಲೇ ಸಾಯಲಿ, ಮಗಳಿಗೆ ತಾನು ಬೇಡವಾದೆ ಎಂದುಕೊಂಡು ಸಾಯುವುದು ಬೇಡ.